ನಾಲ್ಕು ಸೆಂಟಿಮೀಟರ್

ಪ್ಯಾರಾಲಿಂಪಿಕ್ಸ್ ಎತ್ತರ ಜಿಗಿತಗಾರ ಮಾರಿಯಪ್ಪನ್ ತಂಗವೇಲು ಎಂದೊಡನೆ ನಮ್ಮ ಪತ್ರಿಕೆಗಳು ಮೊದಲು ಹಿಡಿಯುವುದು ಬಸ್ಸನ್ನು, ಆಮೇಲೆ ತರಕಾರಿ ಬುಟ್ಟಿಯನ್ನು. ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯ ಹುಡುಗ ಐದನೇ ವಯಸ್ಸಿನಲ್ಲಿ ಶಾಲೆಗೆ ಹೊರಟಾಗ ಬಲಗಾಲಿನ ಮೇಲೆ ಬಸ್ಸು ಹರಿಯಿತು. ತಾಯಿ ತರಕಾರಿ ಮಾರಿ ಮಕ್ಕಳನ್ನು ಸಾಕಿದರು. ಎಲ್ಲವೂ ನಿಜ. ಆದರೆ ಇದನ್ನು ಹತ್ತು ಸಲ ಓದಿದವರಿಗೂ ಅವರು ಎಷ್ಟು ಎತ್ತರ ಹಾರಿದರೆಂಬುದು ಗೊತ್ತಿರುವುದಿಲ್ಲ. ಕಣ್ಣೀರು ತರಿಸುವ ಬರಹಕ್ಕೆ ಅಳತೆಪಟ್ಟಿ ಬೇಕಿಲ್ಲವಲ್ಲ!

ರಿಯೊ 2016ರಲ್ಲಿ 1.89 ಮೀಟರ್, ಚಿನ್ನ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ 1.86, ಬೆಳ್ಳಿ. ಪ್ಯಾರಿಸ್ 2024ರಲ್ಲಿ 1.85, ಕಂಚು. ಬಣ್ಣ ಮಾತ್ರ ನೋಡಿದರೆ ಇಳಿಜಾರು. ಎತ್ತರ ನೋಡಿದರೆ ಎಂಟು ವರ್ಷದಲ್ಲಿ ಕಳೆದದ್ದು ನಾಲ್ಕೇ ಸೆಂಟಿಮೀಟರ್.

ಈ ಸ್ಪರ್ಧೆ ಬೆಳೆದ ಬಗೆ ಕನ್ನಡಿಗರಿಗೆ ಚೆನ್ನಾಗಿ ತಿಳಿಯಬೇಕು. ಲಂಡನ್ 2012ರಲ್ಲಿ ಹಾಸನದ ಗಿರೀಶ್ ಬೆಳ್ಳಿ ಗೆದ್ದದ್ದು 1.74ಕ್ಕೆ. ಅವರನ್ನೂ ಮಾರಿಯಪ್ಪನ್ ಅವರನ್ನೂ ಪಳಗಿಸಿದವರು ಬೆಂಗಳೂರಿನ ಕೋಚ್ ಸತ್ಯನಾರಾಯಣ. ಪ್ಯಾರಿಸ್‌ನಲ್ಲಿ ಅಮೆರಿಕದ ಎಜ್ರಾ ಫ್ರೆಕ್ 1.94 ಹಾರಿದರು. ಹಾಗೆಂದು ‘ಉಳಿದವರು ಏರಿದರು, ಮಾರಿಯಪ್ಪನ್ ಕುಸಿಯಲಿಲ್ಲ’ ಎಂದು ಕೈತೊಳೆದುಕೊಳ್ಳಲಾಗದು. ರಿಯೊದಲ್ಲಿ ಬೆಳ್ಳಿ, ಕಂಚು ಎರಡೂ 1.86ಕ್ಕೆ ಹೋದವು, ಅವರ ಪ್ಯಾರಿಸ್‌ನ 1.85ರ ಹಾರಾಟ ಅಲ್ಲಿ ಬರಿಗೈಯಲ್ಲಿ ಮರಳುತ್ತಿತ್ತು. ನಡುವೆ ದುಬೈ ವಿಶ್ವಕೂಟದಲ್ಲೂ ಹಾಂಗ್‌ಝೌ ಏಷ್ಯನ್ ಪ್ಯಾರಾ ಕೂಟದಲ್ಲೂ ಅವರು 1.80ಕ್ಕೇ ನಿಂತರು. ಸರಿ, ಮುಗಿಯಿತು ಅನ್ನುವಷ್ಟರಲ್ಲಿ 2024ರ ಮೇ ತಿಂಗಳಲ್ಲಿ ಕೋಬೆಯಲ್ಲಿ 1.88 ದಾಟಿ ವಿಶ್ವ ಚಾಂಪಿಯನ್ ಆದರು.

ನನ್ನ ಲೆಕ್ಕದಲ್ಲಿ ಇವರು ದಾಖಲೆ ಮುರಿಯುವ ಜಾತಿಯವರಲ್ಲ, ದೊಡ್ಡ ದಿನಕ್ಕೆ ತಪ್ಪದೆ ಹಾಜರಾಗುವವರು. ಸತತ ಮೂರು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದ ಮೊದಲ ಭಾರತೀಯರೆಂಬ ಹೆಸರು ಬಂದದ್ದೂ ಆ ಗುಣದಿಂದಲೇ. ಕೊರತೆಯೂ ಅಲ್ಲೇ ಇದೆ: ರಿಯೊದ ಆ 1.89ನ್ನು ಮುಂದಿನ ಎರಡು ಕೂಟಗಳಲ್ಲೂ ಮುಟ್ಟಲಾಗಲಿಲ್ಲ.

ಟೋಕಿಯೊದಲ್ಲಂತೂ ಚಿನ್ನ ಕೈಗೆ ಎಟುಕುವಂತಿತ್ತು. ಮಳೆ ಸುರಿಯುತ್ತಿತ್ತು. ಊನವಾದ ಕಾಲಿನ ಕಾಲುಚೀಲ ನೆನೆದು ತೊಡಕಾಯಿತೆಂದು ಆಮೇಲೆ ಅವರೇ ಹೇಳಿದರು. 1.88ಕ್ಕೆ ಮೂರು ಯತ್ನವೂ ಕೈಕೊಟ್ಟವು. ಅದೇ ಮಳೆಯಲ್ಲಿ, ಅದೇ ಎತ್ತರವನ್ನು, ಅಮೆರಿಕದ ಸ್ಯಾಮ್ ಗ್ರೂ ಮೂರನೆಯ ಯತ್ನದಲ್ಲಿ ದಾಟಿದರು.