ಟ್ಯಾಂಕಿನ ಗೋಡೆಯನ್ನು ಬಡಿದಿರಲಿಲ್ಲವೇ?

ನಮ್ಮ ನೇಸರಗಿ ಸುತ್ತಲಿನ ಎರೆಹೊಲಗಳಿಗೆ ಮಳೆಗಾಲದಲ್ಲಿ ಲಾರಿ ಇಳಿದರೆ ಏನಾಗುತ್ತದೆ ಎಂಬುದು ಈ ಭಾಗದ ಎಲ್ಲರಿಗೂ ಗೊತ್ತು. ಗಾಲಿ ಹೂತುಹೋಗುತ್ತದೆ. ಡ್ರೈವರ್ ಒದ್ದಾಡಿದಷ್ಟೂ ಅದು ಕೆಳಗಿಳಿಯುತ್ತದೆ. ಆಗ ಅಕ್ಕಪಕ್ಕದ ಹೊಲದವರು ಬಂದು ಗಾಲಿಯ ಕೆಳಗೆ ಕಲ್ಲು, ಕಟ್ಟಿಗೆ ಹಾಕಿ ನೂಕುತ್ತಾರೆ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಮನುಷ್ಯರಿದ್ದಾರೆ ಎಂಬ ನಂಬಿಕೆಯ ಮೇಲೆಯೇ ನಮ್ಮ ದಾರಿಗಳು ನಡೆದಿವೆ.

ಈ ನಂಬಿಕೆ ಸತ್ತುಹೋದ ದಾರಿಯೊಂದರ ಕತೆಯನ್ನು ಪ್ಯಾಲೆಸ್ತೀನಿನ ಲೇಖಕ ಘಸ್ಸಾನ್ ಕನಫಾನಿ ‘ರಿಜಾಲ್ ಫಿಶ್ಶಮ್ಸ್’ (ಬಿಸಿಲಿನಲ್ಲಿ ಗಂಡಸರು) ಎಂಬ ಕಿರುಕಾದಂಬರಿಯಲ್ಲಿ ಬರೆದರು. ಅರಬಿಯಲ್ಲಿ 1963ರಲ್ಲಿ ಪ್ರಕಟವಾದ ಈ ಕೃತಿಗೆ ಆರು ದಶಕ ದಾಟಿದೆ. 1936ರಲ್ಲಿ ಅಕ್ಕಾ ಪಟ್ಟಣದಲ್ಲಿ ಹುಟ್ಟಿದ ಕನಫಾನಿ 1948ರಲ್ಲಿ ಮನೆಮಠ ಕಳೆದುಕೊಂಡ ಲಕ್ಷಾಂತರ ಮಂದಿಯಲ್ಲೊಬ್ಬರು. ಕೆಲಕಾಲ ಕುವೈತಿನಲ್ಲಿ ಶಿಕ್ಷಕರಾಗಿದ್ದರು. 1972ರ ಜುಲೈ 8ರಂದು ಬೈರೂತಿನಲ್ಲಿ ಕಾರಿಗೆ ಇಟ್ಟ ಬಾಂಬಿಗೆ ಅವರೂ, ಅವರ ಸೋದರಸೊಸೆ ಲಮೀಸ್ ಎಂಬ ಹುಡುಗಿಯೂ ಬಲಿಯಾದರು.

ಕತೆ ಸರಳವಾಗಿದೆ. ವಯಸ್ಸಾದ ಅಬೂ ಕೈಸ್, ಯುವಕ ಅಸದ್, ಇನ್ನೂ ಹದಿಹರೆಯದ ಮರ್ವಾನ್ – ಈ ಮೂವರು ನಿರಾಶ್ರಿತರು ದುಡಿಮೆಗಾಗಿ ಬಸ್ರಾದಿಂದ ಕುವೈತಿಗೆ ಕಳ್ಳದಾರಿಯಲ್ಲಿ ಹೊರಡುತ್ತಾರೆ. ಅಬುಲ್ ಖೈಝುರಾನ್ ಎಂಬ ಡ್ರೈವರ್ ತನ್ನ ನೀರಿನ ಟ್ಯಾಂಕರಿನಲ್ಲಿ ಅವರನ್ನು ದಾಟಿಸಲು ಒಪ್ಪುತ್ತಾನೆ. ಗಡಿಠಾಣೆ ಬಂದಾಗ ಖಾಲಿ ಟ್ಯಾಂಕಿನೊಳಗೆ ಅವಿತುಕೊಳ್ಳಬೇಕು, ಕೆಲವೇ ನಿಮಿಷ. ಮೊದಲ ಠಾಣೆಯಲ್ಲಿ ಮೂವರೂ ಅರೆಜೀವವಾಗಿ ಹೊರಬರುತ್ತಾರೆ. ಎರಡನೆಯ ಠಾಣೆಯಲ್ಲಿ ಅಧಿಕಾರಿಗಳು ಡ್ರೈವರನನ್ನು ಕೂರಿಸಿಕೊಂಡು ಬಸ್ರಾದ ನರ್ತಕಿಯೊಬ್ಬಳ ಹೆಸರೆತ್ತಿ ಚೇಷ್ಟೆ ಮಾಡುತ್ತಾರೆ. ಅವರ ಹರಟೆ ಮುಗಿಯುವಷ್ಟರಲ್ಲಿ ಆಗಸ್ಟಿನ ಬಿಸಿಲಿಗೆ ಕಾದ ಕಬ್ಬಿಣದೊಳಗೆ ಮೂರು ಜೀವಗಳು ಹೋಗಿರುತ್ತವೆ.

ಮರುಭೂಮಿಯ ಈ ಕತೆ ಶುರುವಾಗುವುದು ಮಳೆಯ ನೆನಪಿನಿಂದ. ಅಬೂ ಕೈಸ್ ನೆಲಕ್ಕೆ ಎದೆಯೊತ್ತಿ ಮಲಗಿದ್ದಾನೆ. ಮಣ್ಣು ತೇವವಾಗಿದೆ. ನಿನ್ನೆ ಮಳೆಯಾಗಿರಬೇಕು ಎಂದುಕೊಳ್ಳುತ್ತಾನೆ. ಮರುಗಳಿಗೆಯಲ್ಲೇ ತಾನು ಎಲ್ಲಿದ್ದೇನೆ, ಇದು ಯಾವ ತಿಂಗಳು ಎಂಬುದು ನೆನಪಾಗುತ್ತದೆ. ಎರೆಮಣ್ಣಿನ ವಾಸನೆ ಬಲ್ಲ ನಮಗೆ ಈ ಪುಟ ಬೇಗ ತಾಗುತ್ತದೆ. ಅವನು ಕಳೆದುಕೊಂಡಿದ್ದು ಹತ್ತು ಎಣ್ಣೆಮರ ಮತ್ತು ಒಂದು ಮನೆ ಮಾತ್ರವಲ್ಲ, ಮಳೆ ಬಿದ್ದಾಗ ತನ್ನದೆನ್ನಬಹುದಾದ ನೆಲವನ್ನು. ನೀರು ಹೊರಬೇಕಾದ ಟ್ಯಾಂಕು ನೀರಿಲ್ಲದ ನಾಡಿನಲ್ಲಿ ಮನುಷ್ಯರನ್ನು ಹೊತ್ತು ಸಾಗುವುದನ್ನು ಕನಫಾನಿ ವಿವರಿಸಲು ಹೋಗುವುದಿಲ್ಲ, ತೋರಿಸಿ ಸುಮ್ಮನಾಗುತ್ತಾರೆ.

ಶವಗಳನ್ನು ಕಸದ ರಾಶಿಯ ಬಳಿ ಎಸೆದ ಡ್ರೈವರ್ ಕೊನೆಯಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾನೆ: ಇವರೇಕೆ ಟ್ಯಾಂಕಿನ ಗೋಡೆ ಬಡಿಯಲಿಲ್ಲ? ಇದನ್ನು ಪ್ಯಾಲೆಸ್ತೀನಿಯರ ಮೌನಕ್ಕೆ ಲೇಖಕರೇ ಹಾಕಿದ ಛೀಮಾರಿ ಎಂದು ಓದುವವರು ಹಲವರು. ಈ ಓದನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಕೇಳುತ್ತಿರುವವನು ಯಾರು? ಆಗಷ್ಟೇ ಹೆಣಗಳ ಜೇಬಿನಿಂದ ಹಣ ತೆಗೆದು, ಮರ್ವಾನನ ಕೈಗಡಿಯಾರ ಬಿಚ್ಚಿಕೊಂಡವನು. ಅವನೂ 1948ರ ಯುದ್ಧದಲ್ಲಿ ಗಾಯಗೊಂಡು ಪುರುಷತ್ವ ಕಳೆದುಕೊಂಡ ನತದೃಷ್ಟನೇ ಹೌದು. ಆದರೆ ಸತ್ತವರನ್ನೇ ತಪ್ಪಿತಸ್ಥರನ್ನಾಗಿಸುವ ಅವನ ಕೂಗಿನಲ್ಲಿ ತಾನು ಪಾರಾಗುವ ತವಕವೂ ಇದೆ. ಇನ್ನೊಂದು ಮಾತು: ಆ ಕೊನೆಯ ನಿಮಿಷಗಳಲ್ಲಿ ಲೇಖಕರು ನಮ್ಮನ್ನು ಟ್ಯಾಂಕಿನ ಒಳಗೆ ಒಯ್ಯುವುದೇ ಇಲ್ಲ. ಅವರು ಬಡಿಯಲಿಲ್ಲ ಎಂಬುದಕ್ಕೆ ಡ್ರೈವರನ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ.

1972ರಲ್ಲಿ ಈಜಿಪ್ಟಿನ ನಿರ್ದೇಶಕ ತೌಫೀಕ್ ಸಾಲಿಹ್ ಸಿರಿಯಾದಲ್ಲಿ ತೆಗೆದ ‘ಅಲ್ ಮಖ್ದೂಊನ್’ (ಮೋಸಹೋದವರು) ಚಿತ್ರ ಈ ಸಂಶಯವನ್ನು ಉಳಿಸುವುದಿಲ್ಲ. ಅಲ್ಲಿ ಮೂವರೂ ಗೋಡೆ ಬಡಿಯುತ್ತಾರೆ. ಆದರೆ ಠಾಣೆಯ ಏರ್ ಕಂಡಿಷನರುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಚಿತ್ರ ತೀರ್ಪು ಕೊಡುತ್ತದೆ, ಕಾದಂಬರಿ ಓದುಗನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ನಮಗೆ ಕಾದಂಬರಿಯೇ ಹೆಚ್ಚು ಕಾಡುತ್ತದೆ.

ಕೃತಿಯ ಮಿತಿಯನ್ನೂ ಹೇಳಬೇಕು. ಇಲ್ಲಿ ಹೆಂಗಸರು ಗಂಡಸರ ಹೊರೆಯಾಗಿ, ನೆನಪಾಗಿ ಮಾತ್ರ ಬರುತ್ತಾರೆ. ಬಾಂಬ್ ದಾಳಿಯಲ್ಲಿ ಕಾಲು ಕಳೆದುಕೊಂಡ ಶಫೀಕಾಳನ್ನು ಮರ್ವಾನನ ತಂದೆ ಅವಳ ಮನೆಯ ಕಾಂಕ್ರೀಟು ಮಾಳಿಗೆಗಾಗಿ ಮದುವೆಯಾಗುತ್ತಾನೆ. ಅವಳಿಗೆ ಏನನ್ನಿಸಿತು, ಬಿಟ್ಟುಬಂದ ಮೊದಲ ಹೆಂಡತಿಗೆ ಏನನ್ನಿಸಿತು ಎಂದು ಅವರ ಬಾಯಿಂದಲೇ ಕೇಳುವ ವ್ಯವಧಾನ ಕಾದಂಬರಿಗಿಲ್ಲ.

ಡ್ರೈವರನ ಪ್ರಶ್ನೆಗೆ ವಾಸ್ತವ ಜಗತ್ತು ಉತ್ತರ ಕೊಟ್ಟಿದೆ. 2015ರ ಆಗಸ್ಟಿನಲ್ಲಿ ಆಸ್ಟ್ರಿಯಾದ ಹೆದ್ದಾರಿ ಬದಿಯಲ್ಲಿ ನಿಂತಿದ್ದ ಶೈತ್ಯಾಗಾರದ ಲಾರಿಯೊಂದರಲ್ಲಿ 71 ನಿರಾಶ್ರಿತರ ಶವಗಳು ಸಿಕ್ಕವು. ಅವರು ಬಡಿದಿದ್ದರು, ಕಿರುಚಿದ್ದರು. ಅದು ಕೇಳಿಸಿತ್ತು, ಆದರೂ ಬಾಗಿಲು ತೆಗೆಯಲಿಲ್ಲ ಎಂಬುದು ಹಂಗೇರಿಯ ನ್ಯಾಯಾಲಯದ ವಿಚಾರಣೆಯಲ್ಲಿ ಹೊರಬಂತು. ಯುರೋಪಿನ ಮಾತು ಬಿಡೋಣ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಮಧ್ಯಪ್ರದೇಶದ ಇಂದೋರ್ ಬಳಿ ಪೊಲೀಸರು ತಡೆದ ಕಾಂಕ್ರೀಟ್ ಮಿಕ್ಸರ್ ಲಾರಿಯ ಡ್ರಮ್ಮಿನಿಂದ 18 ಮಂದಿ ಒಬ್ಬೊಬ್ಬರಾಗಿ ಹೊರಬಂದರು. ಮಹಾರಾಷ್ಟ್ರದಿಂದ ಲಖನೌಗೆ, ಸ್ವಂತ ದೇಶದಲ್ಲೇ, ತಮ್ಮ ಮನೆಗಳಿಗೆ ಹೊರಟಿದ್ದವರು. ಪುಣ್ಯಕ್ಕೆ ಅವರು ಬದುಕಿದ್ದರು.

ಝಕಾತ್ ಪಡೆಯಲು ಹಕ್ಕುಳ್ಳ ಎಂಟು ವರ್ಗಗಳಲ್ಲಿ ಕುರ್‌ಆನ್ ದಾರಿಹೋಕನನ್ನೂ ಸೇರಿಸಿದೆ. ಪಯಣಿಗನ ಪಾಲು ನಾವು ಕೊಡುವ ಭಿಕ್ಷೆಯಲ್ಲ, ಅವನ ಹಕ್ಕು. ನೇಸರಗಿಯ ಮೇಲೆ ಹಾದುಹೋಗುವ ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿ ಸಾಮಾನಿನ ಗಾಡಿಗಳಲ್ಲಿ ಒತ್ತೊತ್ತಾಗಿ ನಿಂತು ದುಡಿಯಲು ಹೋಗುವವರನ್ನು ನಾವೂ ಕಂಡಿದ್ದೇವೆ. ಹೂತ ಲಾರಿಗೆ ಹೆಗಲು ಕೊಡುವ ನಾವು ಓಡುವ ಲಾರಿಯೊಳಗೆ ಯಾರಿದ್ದಾರೆಂದು ನೋಡುವುದಿಲ್ಲ. ಅವರೇಕೆ ಬಡಿಯಲಿಲ್ಲ ಎಂದು ಕೇಳುವ ಮುನ್ನ ನಮ್ಮ ಕಿವಿ ಎಲ್ಲಿತ್ತೆಂದು ಕೇಳಿಕೊಳ್ಳುವುದು ಒಳ್ಳೆಯದು.