ಅನುದಾನದ ಅರ್ಜಿಯೂ ಪರಿಶೀಲಕರ ನಯವೂ

ಸಂಶೋಧನೆಗೆ ಧನಸಹಾಯ ಕೋರಿ ಬಂದ ಅರ್ಜಿಯನ್ನು ಆ ಶಾಸ್ತ್ರವನ್ನು ಬಲ್ಲ ಕೆಲವರು ವಿದ್ವಾಂಸರಿಗೆ ಗೋಪ್ಯವಾಗಿ ಕಳುಹಿಸಿ, ಅವರ ಅಭಿಪ್ರಾಯಗಳನ್ನೂ ಅಂಕಗಳನ್ನೂ ಸಮಿತಿಯ ಮುಂದಿಟ್ಟು ನಿರ್ಣಯಿಸುವುದು ರೂಢವಾದ ಪದ್ಧತಿ. ಬಲ್ಲವರೇ ತೂಗಬೇಕೆಂಬ ಇದರ ಮೂಲತತ್ತ್ವ ನಿರ್ವಿವಾದವಾದುದು. ಆದರೆ ಹಸ್ತಪ್ರತಿಶೋಧನೆಗೆ ಇದನ್ನು ಅನ್ವಯಿಸುವಾಗ ಒದಗುವ ತೊಡಕನ್ನು ಪರಾಮರ್ಶಿಸುವುದು ಅವಶ್ಯಕವಾಗಿದೆ.

ವಸ್ತಾರೆ, ಮೂಡಿಗೆರೆ, ಕಳಸಗಳ ಸೀಮೆಯನ್ನೇ ನೋಡೋಣ. ಅಂಗಡಿಯ ಬಸದಿಗಳೂ ಕಳಸ-ಕಾರ್ಕಳಗಳನ್ನಾಳಿದ ಭೈರರಸರ ಜೈನಪರಂಪರೆಯೂ ಸುಪ್ರಸಿದ್ಧ. ಈ ಜಿಲ್ಲೆಯ ಶಾಸನಗಳು ರೈಸ್ ಅವರ ಸಂಪುಟದಲ್ಲಿ 1901ರಲ್ಲಿಯೇ ಅಚ್ಚಾದವು. ಕಲ್ಲು ಮಳೆಗೆ ನಿಂತೀತು, ಮಲೆನಾಡಿನ ತೇವಕ್ಕೆ ಓಲೆಗರಿ ನಿಲ್ಲದು. ಇಲ್ಲಿಯ ಮನೆಮನೆಗಳಲ್ಲಿ ಓಲೆಕಟ್ಟುಗಳನ್ನು ಅರಸಲು ಒಬ್ಬರು ಅರ್ಜಿ ಸಲ್ಲಿಸಿದರೆನ್ನೋಣ. ಯಾವ ಅಪೂರ್ವ ಗ್ರಂಥ ದೊರೆಯುವುದೆಂದು ಪರಿಶೀಲಕರು ಕೇಳಿದರೆ ಪ್ರಾಮಾಣಿಕನು ಏನೆಂದಾನು? ಕಟ್ಟು ಬಿಚ್ಚುವ ಮುನ್ನ ಫಲವನ್ನು ಹೇಳಬಲ್ಲವರಾರು? ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಪ್ರಕಟವಾಯಿತು. ಅಂತಹ ಸೂಚಿಯ ಬೆಲೆ ಅದನ್ನು ಹಿಡಿದು ಹೊರಟ ಮುಂದಿನ ಸಂಪಾದಕರಿಂದಲೇ ತಿಳಿಯತಕ್ಕದ್ದು.

ಪರಿಶೀಲಕರಲ್ಲಿ ಐಕಮತ್ಯವಿರುತ್ತದೆಂದೂ ಭಾವಿಸಲಾಗದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ 150 ಅರ್ಜಿಗಳನ್ನು ಬೇರೆ ತಜ್ಞರಿಂದ ಮರುಪರಿಶೀಲಿಸಿದಾಗ ಸುಮಾರು ಕಾಲುಭಾಗದ ನಿರ್ಣಯಗಳು ವ್ಯತ್ಯಸ್ತವಾದುವೆಂದು 1981ರಲ್ಲಿ ಕೋಲ್ ಸಹೋದರರೂ ಸೈಮನ್ನರೂ ತೋರಿಸಿದರು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 43 ಪರಿಶೀಲಕರು 25 ವೈದ್ಯವಿಜ್ಞಾನದ ಅರ್ಜಿಗಳನ್ನು ಓದಿದರು. ಒಂದೇ ಅರ್ಜಿಯನ್ನು ಕುರಿತು ಅವರಲ್ಲಿ ಒಮ್ಮತ ಕಾಣಲಿಲ್ಲ. ತಜ್ಞರು ಹೇರಳವಾಗಿರುವ ಶಾಸ್ತ್ರಗಳ ಸ್ಥಿತಿಯೇ ಹೀಗಿರುವಾಗ, ಹಳಗನ್ನಡ-ಪ್ರಾಕೃತಗಳ ಓಲೆಗಳನ್ನು ಓದಬಲ್ಲವರು ಬೆರಳೆಣಿಕೆಯಷ್ಟಿರುವ ನಮ್ಮ ಕ್ಷೇತ್ರದ ಪಾಡೇನು? ಇಲ್ಲಿ ಪರಿಶೀಲಕನು ಅರ್ಜಿದಾರನ ಗುರುವೋ ಶಿಷ್ಯನೋ ಪ್ರತಿಸ್ಪರ್ಧಿಯೋ ಆಗಿರುವ ಸಂಭವವೇ ಹೆಚ್ಚು. ಹೆಸರನ್ನು ಮರೆಮಾಡಿದರೂ ಬರವಣಿಗೆಯ ಜಾಡು ಮರೆಯಾಗದು.

ನಯವು ವಸ್ತುವಿನ ಒಂದು ಅಂಶವನ್ನು ಮಾತ್ರ ಗ್ರಹಿಸುವುದೆಂಬುದು ಪಂಡಿತರಿಗೆ ಹೊಸತಲ್ಲ. ಒಬ್ಬ ಪರಿಶೀಲಕನ ಅಭಿಪ್ರಾಯವೂ ಒಂದು ನಯವೇ. ಇತರ ನಯಗಳನ್ನು ನಿರಾಕರಿಸಿ ತಾನೊಂದೇ ನಿಂತರೆ ಅದು ದುರ್ನಯವಾಗುತ್ತದೆ. ಅಂಕಗಳನ್ನು ಕೂಡಿ ಭಾಗಿಸಿದ ಮಾತ್ರಕ್ಕೆ ನಯಗಳ ಸಮನ್ವಯವಾಗದು. ಭಿನ್ನಾಭಿಪ್ರಾಯದ ಕಾರಣವನ್ನು ಸಮಿತಿಯು ಚರ್ಚಿಸಿ ಬರೆದಿಡಬೇಕು. ಸಂಬಂಧವುಳ್ಳವನು ಅದನ್ನು ಮೊದಲೇ ತಿಳಿಸಿ ಹಿಂದೆ ಸರಿಯಬೇಕು. ತಿರಸ್ಕೃತನಿಗೆ ಸಕಾರಣವಾದ ಉತ್ತರ ದೊರೆಯಬೇಕು. ಶೋಧಕಾರ್ಯದ ಅರ್ಜಿಯಲ್ಲಿ ಫಲದ ವಾಗ್ದಾನವನ್ನಲ್ಲ, ಲಿಪಿಜ್ಞಾನವನ್ನೂ ಪ್ರತಿಯ ಒಡೆಯರ ಸಮ್ಮತಿಯನ್ನೂ ಸಂರಕ್ಷಣೆಯ ಕ್ರಮವನ್ನೂ ತೂಗಬೇಕು. ಹಾಗಾಗದಿದ್ದರೆ ದೊರೆಯುವುದನ್ನು ಮೊದಲೇ ಬಲ್ಲವರಿಗಷ್ಟೇ ಅನುದಾನ ಸಲ್ಲುವುದು. ತಡವಾದ ಅರ್ಜಿಗೆ ಮುಂದಿನ ವರ್ಷ ಅವಕಾಶವುಂಟು, ಹುಳು ತಿಂದ ಗರಿಗೆ ಇಲ್ಲ.