ಡಿಸ್ಕೋ ಗೀತಗಳ ಪಾಠಾಂತರಗಳು

ಗ್ರಂಥಸಂಪಾದನೆಯನ್ನು ಅಭ್ಯಾಸಮಾಡುವವರಿಗೆ ಮೊದಲಲ್ಲಿಯೇ ಹೇಳಿಕೊಡುವ ಒಂದು ಎಚ್ಚರಿಕೆಯುಂಟು. ಹೆಚ್ಚು ಜನರ ಕೈಯಲ್ಲಿರುವ ಪ್ರತಿಯೇ ಮೂಲಪ್ರತಿಯೆಂದು ತಿಳಿಯಕೂಡದು. ಅದು ತೀರ ಈಚಿನ ಲಿಪಿಕಾರನೊಬ್ಬನ ಕೈವಾಡವಾಗಿರಲೂಬಹುದು. ಓಲೆಗರಿಗಳ ವಿಷಯದಲ್ಲಿ ನಾವು ತಪ್ಪದೆ ಪಾಲಿಸುವ ಈ ಎಚ್ಚರಿಕೆಯನ್ನು ನಮ್ಮ ಕಾಲದ ಹಾಡುಗಳ ವಿಷಯದಲ್ಲಿ ಪೂರ್ತಿಯಾಗಿ ಮರೆತಿರುವೆವೆಂಬುದು ಬಳ್ಳಾರಿಯ ಒಂದು ತರಗತಿಯಲ್ಲಿ ನನ್ನ ಅರಿವಿಗೆ ಬಂದಿತು. ಆಕರಗಳ ಕಾಲಾನುಕ್ರಮವನ್ನು ವಿವರಿಸುತ್ತಿದ್ದಾಗ ನಿದರ್ಶನಕ್ಕೆಂದು ‘ಗೀತಾ’ ಚಿತ್ರದ ‘ಜೊತೆಯಲಿ’ ಹಾಡನ್ನು ಹೆಸರಿಸಿದೆನು. ಸಿರುಗುಪ್ಪದ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು, ಅದು ಹಿಂದಿಯಿಂದ ತೆಗೆದುಕೊಂಡ ಧಾಟಿಯಲ್ಲವೇ ಸಾರ್ ಎಂದು ಕೇಳಿದನು. 1981ರ ಹಾಡು 2007ರ ಹಾಡಿನಿಂದ ಹುಟ್ಟಿತೆಂಬ ಈ ಮಾತಿಗೆ ತರಗತಿಯು ನಕ್ಕಿತು. ನನಗೆ ನಗು ಬರಲಿಲ್ಲ. ಕಿವಿಗೆ ಮೊದಲು ಬಿದ್ದುದನ್ನು ಮೊದಲು ಹುಟ್ಟಿದುದೆಂದು ಅವನು ತಿಳಿದಿದ್ದನು. ಇತಿಹಾಸಕಾರರಲ್ಲಿ ಕೆಲವರು ಇದಕ್ಕಿಂತ ದೊಡ್ಡ ತಪ್ಪನ್ನು ಇದಕ್ಕಿಂತ ಕಡಮೆ ಕಾರಣದಿಂದ ಮಾಡಿರುವುದುಂಟು.

ಡಿಸ್ಕೋ ಮತ್ತು ಸಿಂಥ್‌ಪಾಪ್ ಎಂದು ಕರೆಯಲ್ಪಡುವ ಹಳೆಯ ಸಂಗೀತವು ಈಗ ಮತ್ತೆ ಬಳಕೆಗೆ ಬಂದಿದೆ. ಹಳೆಯ ಹಾಡಿಗೆ ಹೊಸ ತಾಳ, ಹೊಸ ದೃಶ್ಯ. ಇದಕ್ಕೆ ರೀಮಿಕ್ಸ್ ಎಂದು ಹೆಸರು. ಇದನ್ನು ಹಿರಿಯರು ಅಪಚಾರವೆನ್ನುವರು, ಕಿರಿಯರು ಜೀರ್ಣೋದ್ಧಾರವೆನ್ನುವರು. ಎರಡು ಪಕ್ಷದವರೂ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಂತೆ ಕಾಣುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಅಷ್ಟನ್ನು ಮಾತ್ರ ಮಾಡಲು ಯತ್ನಿಸಿದೆ.

ರೀಮಿಕ್ಸ್ ಯಾವ ಅಗತ್ಯದಿಂದ ಹುಟ್ಟಿತೆಂಬುದು ಮೊದಲು ತಿಳಿಯಬೇಕು. 1970ರ ದಶಕದ ನ್ಯೂಯಾರ್ಕಿನಲ್ಲಿ ಕುಣಿಯಲು ನೆರೆಯುತ್ತಿದ್ದವರಿಗೆ ಮೂರು ನಿಮಿಷದ ಗ್ರಾಮಫೋನ್ ತಟ್ಟೆಯು ಸಾಲದೆ ಹೋಯಿತು. ಮೈಗೆ ಕಾವೇರುವಷ್ಟರಲ್ಲಿ ಹಾಡು ಮುಗಿಯುತ್ತಿತ್ತು. ಆಗ ಟಾಮ್ ಮೌಲ್ಟನ್ ಮೊದಲಾದವರು ಮುದ್ರಿತ ಗೀತದ ಪದರಗಳನ್ನು ಬಿಡಿಸಿ, ಕಂಠವನ್ನು ಕೆಲಕಾಲ ಹಿಂದೆ ಸರಿಸಿ, ಡ್ರಮ್ಮು ಮತ್ತು ಬೇಸ್ ಗಿಟಾರುಗಳ ನಡೆಯನ್ನೇ ಮುಂದೆ ತಂದು ಹಾಡನ್ನು ಹಿಗ್ಗಿಸಿದರು. ಡಬಲ್ ಎಕ್ಸ್‌ಪೋಷರ್ ತಂಡದ ಹಾಡೊಂದನ್ನು ವಾಲ್ಟರ್ ಗಿಬ್ಬನ್ಸ್ ಹೀಗೆ ಹಿಗ್ಗಿಸಿದ 12 ಅಂಗುಲದ ತಟ್ಟೆಯು 1976ರಲ್ಲಿ ಮಾರಾಟಕ್ಕೆ ಬಂದಿತು. ಮರುವರ್ಷ ಜಾರ್ಜಿಯೊ ಮೊರೊಡರ್ ಅವರು ಡೋನಾ ಸಮ್ಮರ್ ಅವರಿಂದ ಹಾಡಿಸಿದ ‘ಐ ಫೀಲ್ ಲವ್’ ಗೀತದಲ್ಲಿ ವಾದ್ಯಗಳ ಸ್ಥಾನವನ್ನು ಬಹುಮಟ್ಟಿಗೆ ಸಿಂಥಸೈಜರ್ ಯಂತ್ರವೇ ಆಕ್ರಮಿಸಿತು. ವಾಚಕರು ಇಲ್ಲಿ ಒಂದನ್ನು ನೆನಪಿನಲ್ಲಿಡಬೇಕು: ರೀಮಿಕ್ಸ್ ಹುಟ್ಟಿದುದು ಹಾಡನ್ನು ಉದ್ದಮಾಡುವುದಕ್ಕಾಗಿ, ಅದರ ಒಳಗನ್ನು ಕೇಳಿಸುವುದಕ್ಕಾಗಿ.

ಇದೆಲ್ಲವೂ ಪರದೇಶದ ಸರಕೆಂದೂ ನಾವು ಕೇವಲ ಗಿರಾಕಿಗಳೆಂದೂ ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಬೆಂಗಳೂರಿನಲ್ಲಿ ಹುಟ್ಟಿ, 1960ರ ದಶಕದಲ್ಲಿ ಅಲ್ಲಿಯೇ ಟ್ರೋಜನ್ಸ್ ಎಂಬ ತಂಡದಲ್ಲಿ ಹಾಡಿ, ಬಳಿಕ ಲಂಡನ್ನಿಗೆ ಹೋದ ಕೊಡವ ಮನೆತನದ ಬಿದ್ದು ಅಪ್ಪಯ್ಯನವರು 1974ರಲ್ಲಿ ಕಾರ್ಲ್ ಡಗ್ಲಸ್ ಅವರ ‘ಕುಂಗ್ ಫೂ ಫೈಟಿಂಗ್’ ಗೀತವನ್ನು ನಿರ್ಮಿಸಿದರು. ಅದು ಬ್ರಿಟನ್, ಅಮೆರಿಕ ಎರಡರಲ್ಲಿಯೂ ಮಾರಾಟದ ಪಟ್ಟಿಯ ತುದಿಗೇರಿತು. ಇದೇ ಬಿದ್ದು ಅವರು 1980ರ ‘ಕುರ್ಬಾನಿ’ ಚಿತ್ರಕ್ಕೆ ‘ಆಪ್ ಜೈಸಾ ಕೋಯಿ’ ಎಂಬ ಒಂದೇ ಒಂದು ಹಾಡನ್ನು ಮಾಡಿಕೊಟ್ಟರು. ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜೀ ಆನಂದ್‌ಜೀ ಅವರವು. ಹಾಡಿದ ನಾಜಿಯಾ ಹಸನ್ ಆಗಿನ್ನೂ ಶಾಲೆಯ ವಯಸ್ಸಿನ ಹುಡುಗಿ. 1981ರಲ್ಲಿ ಅವರಿಬ್ಬರ ‘ಡಿಸ್ಕೋ ದೀವಾನೆ’ ಬಂದಿತು. 1982ರಲ್ಲಿ ಮುಂಬಯಿಯ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರು ಜಪಾನಿನ ರೋಲೆಂಡ್ ಕಂಪನಿಯ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ನುಡಿಸಿದರು. ಆಗ ಅದನ್ನು ಕೇಳಿದವರು ಕಡಮೆ. 2010ರಲ್ಲಿ ಪುನಃ ಪ್ರಕಟವಾದಾಗ, ಪಶ್ಚಿಮದಲ್ಲಿ ಮುಂದೆ ಬಂದ ಆಸಿಡ್ ಹೌಸ್ ಸಂಗೀತದ ಪೂರ್ವಛಾಯೆಯನ್ನು ಅದರಲ್ಲಿ ಕಂಡು ವಿಮರ್ಶಕರು ಬೆರಗಾದರು.

ಕನ್ನಡ ಚಿತ್ರರಂಗದ ಮಾತು ಬೇರೆ. ನಮ್ಮಲ್ಲಿ ಡಿಸ್ಕೋ ನೃತ್ಯಶಾಲೆಯಿಂದ ಬರಲಿಲ್ಲ. ಟಾಕೀಸಿನಿಂದಲೂ ಕ್ಯಾಸೆಟ್ಟಿನಿಂದಲೂ ಬಂದಿತು. ಹೆಸರುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ಹಾಡುಗಳನ್ನು ತುಂಬಿಕೊಡುತ್ತಿದ್ದ ಅಂಗಡಿಗಳನ್ನು ಹಿಂದಿನ ತಲೆಮಾರಿನವರು ಮರೆತಿರಲಾರರು. ದ್ವಾರಕೀಶರು ಬಪ್ಪಿ ಲಾಹಿರಿಯವರಿಂದ ಸಂಗೀತ ಮಾಡಿಸಿದ ‘ಆಫ್ರಿಕಾದಲ್ಲಿ ಶೀಲಾ’ (1986), ಹಂಸಲೇಖರ ಪದ ಮತ್ತು ಸಂಗೀತಗಳಿಂದ ಮನೆಮನೆಗೂ ಹೊಕ್ಕ ‘ಪ್ರೇಮಲೋಕ’ (1987), ಇವೆರಡೂ ಈ ದಾರಿಯಲ್ಲಿ ಮುಖ್ಯವಾದವು. ಆದರೆ ಅವುಗಳಿಗಿಂತ ಹಿಂದಿನ, ನನ್ನ ದೃಷ್ಟಿಯಲ್ಲಿ ಅವುಗಳಿಗಿಂತ ಮೇಲಾದ ಕೃತಿಯು ಶಂಕರ್‌ನಾಗ್ ಅವರು ನಿರ್ದೇಶಿಸಿ ನಟಿಸಿದ ‘ಗೀತಾ’.

ಇಳಯರಾಜಾ ಅವರು ಸಂಗೀತವಿತ್ತ ಆ ಚಿತ್ರದ ‘ಜೊತೆಯಲಿ’ಗೆ ನನಗೆ ತಿಳಿದಂತೆ ಮೂರು ಮುಖ್ಯ ಪಾಠಗಳಿವೆ. ಮೊದಲನೆಯದು 1981ರ ಕನ್ನಡ ಪಾಠ: ಚಿ. ಉದಯಶಂಕರ್ ಅವರ ಪದಗಳು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿಯವರ ಯುಗಳಕಂಠ. ಎರಡನೆಯದು 1984ರ ‘ನೂರಾವದು ನಾಳ್’ ಎಂಬ ತಮಿಳು ಚಿತ್ರದ ಪಾಠ; ಭಾಷೆ ಬದಲಾದರೂ ಗಾಯಕರು ಅವರೇ, ನಡೆಯೂ ಬಹುಮಟ್ಟಿಗೆ ಅದೇ. ಮೂರನೆಯದು 2007ರ ‘ಚೀನೀ ಕಮ್’ ಎಂಬ ಹಿಂದಿ ಚಿತ್ರದ ‘ಜಾನೇ ದೋ ನಾ’. ಇಲ್ಲಿ ಯುಗಳವು ಹೋಗಿ ಶ್ರೇಯಾ ಘೋಷಾಲ್ ಅವರ ಒಂಟಿ ಕಂಠವು ಉಳಿದಿದೆ, ವೇಗವು ತಗ್ಗಿದೆ, ಉತ್ಸಾಹವಿದ್ದಲ್ಲಿ ಪಿಸುಮಾತು ಬಂದಿದೆ.

ಮೂರನ್ನೂ ಒಂದರ ಹಿಂದೊಂದು ಕೇಳಿದವರಿಗೆ ಹೊಳೆಯುವ ಸಂಗತಿಯೆಂದರೆ, ಮೂರನೆಯ ಪಾಠವು ಮೊದಲನೆಯದನ್ನು ಓದಿಕೊಂಡು ಬರೆದದ್ದು. ರಚಿಸಿದವರೇ ತಮ್ಮ ಕೃತಿಯನ್ನು ಇಪ್ಪತ್ತಾರು ವರ್ಷಗಳ ಬಳಿಕ ಮತ್ತೆ ಕೈಗೆತ್ತಿಕೊಂಡು, ಇದರ ಒಳಗೆ ಇನ್ನೇನಿತ್ತು ಎಂದು ಕೇಳಿಕೊಂಡಿರುವರು. ‘ಗೀತಾ’ ಚಿತ್ರದ ನಾಯಕಿಗೆ ರಕ್ತದ ಕ್ಯಾನ್ಸರು. ಆ ಕಥೆಯನ್ನು ಬಲ್ಲವರಿಗೆ ಹಾಡಿನ ಲವಲವಿಕೆಯ ತಾಳದ ಅಡಿಯಲ್ಲಿ ಒಂದು ಅವಸರವು ಕೇಳಿಸುತ್ತದೆ. ಹೊತ್ತು ಮುಗಿಯುವ ಮುಂಚೆ ಹಾಡಿಬಿಡಬೇಕೆಂಬ ಅವಸರ. ಹಿಂದಿಯ ಪಾಠವು ಆ ಅವಸರವನ್ನು ಬಿಟ್ಟು ಧಾಟಿಯ ಮೃದುತ್ವವನ್ನು ಮಾತ್ರ ಎತ್ತಿಕೊಂಡಿದೆ. ನಷ್ಟವೂ ಉಂಟು, ಲಾಭವೂ ಉಂಟು. ನಾನು ಕನ್ನಡ ಪಾಠದ ಪಕ್ಷಪಾತಿ. ಆದರೂ ಹಿಂದಿಯದು ಪ್ರಾಮಾಣಿಕವಾದ ಪಾಠಾಂತರವೆಂದು ಒಪ್ಪಬೇಕಾಗುತ್ತದೆ.

‘ಡಿಸ್ಕೋ ದೀವಾನೆ’ಯ ಗತಿಯನ್ನು ಇದರೊಡನೆ ಹೋಲಿಸಿರಿ. 2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರದಲ್ಲಿ ವಿಶಾಲ್–ಶೇಖರ್ ಅವರು ಅದನ್ನು ಮತ್ತೆ ಬಳಸಿದರು. ಪಲ್ಲವಿಯ ಕೂಗು ಉಳಿದಿದೆ, ಸುತ್ತಲಿನ ಚರಣಗಳೆಲ್ಲ ಹೊಸವು. ದೃಶ್ಯದಲ್ಲಿ ಮಿನುಗುವ ಉಡುಪುಗಳೂ ಬಣ್ಣದ ದೀಪಗಳೂ ಹೇರಳವಾಗಿವೆ; 1981 ಎಂಬುದು ಇಲ್ಲಿ ಕಾಲವಾಗಿ ಉಳಿಯದೆ ವೇಷವಾಗಿದೆ. 2022ರ ‘ಆ್ಯನ್ ಆ್ಯಕ್ಷನ್ ಹೀರೊ’ ಚಿತ್ರಕ್ಕಾಗಿ ತನಿಷ್ಕ್ ಬಾಗ್ಚಿಯವರು ಮರುರೂಪಿಸಿದ ‘ಆಪ್ ಜೈಸಾ ಕೋಯಿ’ಯಲ್ಲಿ ಮಲೈಕಾ ಅರೋರಾ ಅವರ ಕುಣಿತವೇ ಮುಖ್ಯ, ಹಾಡು ಅದಕ್ಕೆ ಹಾಸಿದ ಜಮಖಾನೆ. ಕುಣಿತವನ್ನು ನಾನು ದೂರುತ್ತಿಲ್ಲ, ಡಿಸ್ಕೋ ಹುಟ್ಟಿದ್ದೇ ಕುಣಿಯುವುದಕ್ಕೆ. ಆದರೆ ಮೂಲದಲ್ಲಿ ಕುಣಿಸುತ್ತಿದ್ದುದು ಏನು? ಬಿದ್ದು ಅವರ ಕಟ್ಟಡದಲ್ಲಿ ತಾಳದ ನಡುನಡುವೆ ಬಿಡುವುಗಳಿವೆ. ಎಳೆಯ ಕಂಠವೊಂದು ಆ ಬಿಡುವಿನಲ್ಲಿ ನಿಂತು ಹೆಚ್ಚು ಅಲಂಕಾರವಿಲ್ಲದೆ ಹಾಡುತ್ತದೆ. ಹೊಸಬರು ಬಿಡುವನ್ನೆಲ್ಲ ತುಂಬಿಬಿಟ್ಟಿರುವರು. ಹಳೆಯ ಗುಡಿಯ ಕಂಬಗಳ ನಡುವೆ ಗೋಡೆಯೆಬ್ಬಿಸಿ ಸುಣ್ಣ ಬಳಿದು ಜೀರ್ಣೋದ್ಧಾರವೆನ್ನುವುದನ್ನು ನಮ್ಮ ಜಿಲ್ಲೆಯವರು ಬೇಕಾದಷ್ಟು ಕಂಡಿರುವರು.

ಹಿಗ್ಗಿಸುವುದಕ್ಕೆಂದು ಹುಟ್ಟಿದ ಕಲೆಯು ಹೀಗೆ ಕುಗ್ಗಿಸುವ ಕಲೆಯಾಯಿತು. ನಾಲ್ಕು ನಿಮಿಷದ ಹಾಡಿನಿಂದ ಹತ್ತು ಸೆಕೆಂಡಿನ ಪಲ್ಲವಿಯನ್ನು ಕತ್ತರಿಸಿ ತೆಗೆದು, ಗುರುತು ಹಿಡಿಯುವ ಸಂತೋಷವನ್ನಷ್ಟೇ ಮಾರುವುದು ಈಗಿನ ರೂಢಿ.

ಆಶ್ಚರ್ಯವೆಂದರೆ ಹಳೆಯ ಅರ್ಥದ ರೀಮಿಕ್ಸ್ ನನಗೆ ಕೇಳಿಸಿದುದು ಸಿರುಗುಪ್ಪದ ಬೀದಿಯಲ್ಲಿ. ಗಣೇಶನ ವಿಸರ್ಜನೆಯ ಮೆರವಣಿಗೆ ಹೊಳೆಯ ಕಡೆಗೆ ಸಾಗಿತ್ತು. ಟ್ರ್ಯಾಕ್ಟರಿನ ಹಿಂದಣ ಗಾಡಿಯಲ್ಲಿ ಆಳೆತ್ತರದ ಸ್ಪೀಕರುಗಳು. ಅವುಗಳ ಸಂದಿನಲ್ಲಿ ಲ್ಯಾಪ್‌ಟಾಪ್ ಹಿಡಿದ ತರುಣ. ಅವನು ಎಂಬತ್ತರ ದಶಕದ ಕನ್ನಡ ಹಾಡೊಂದರ ಪಲ್ಲವಿಯನ್ನು ಒಮ್ಮೆ ಕೇಳಿಸಿ, ಕಂಠವನ್ನು ನಿಲ್ಲಿಸಿ, ಅದರ ಬೇಸಿನ ನಡೆಯನ್ನು ಸುತ್ತಿಸುತ್ತ ಹೋದನು. ನಾಲ್ಕೂ ಮಾತ್ರೆಗೆ ಸಮನಾಗಿ ಬೀಳುವ ಡಿಸ್ಕೋ ಪೆಟ್ಟನ್ನು ಸರಿಸಿ, ನಮ್ಮ ಕಡೆಯ ತಾಷಾ ರಾಂಡೋಲಿನ ಉರುಳಿಕೆಯನ್ನು ಅದರ ಜಾಗದಲ್ಲಿ ತಂದನು. ಮೆರವಣಿಗೆಯು ಒಂದು ತಿರುವನ್ನು ದಾಟುವವರೆಗೆ ಹಾಡು ಮುಗಿಯಲಿಲ್ಲ. ಕುರುಗೋಡಿನ ಮದುವೆಯೊಂದರಲ್ಲಿಯೂ ಇದೇ ಕ್ರಮವನ್ನು ಕೇಳಿದೆನು. ನ್ಯೂಯಾರ್ಕಿನ ಅಗತ್ಯ ಮತ್ತು ಸಿರುಗುಪ್ಪದ ಅಗತ್ಯ ಒಂದೇ: ಜನ ಇನ್ನೂ ಕುಣಿಯುತ್ತಿರುವಾಗ ಹಾಡು ಮುಗಿಯಬಾರದು. ಭಜನೆಯವರೂ ಬಯಲಾಟದ ಭಾಗವತರೂ ಬಲ್ಲ ನೀತಿಯೇ ಇದು.

ಹಾಗೆಂದು ಇವರನ್ನು ಹೊಗಳಿ ಅಟ್ಟಕ್ಕೇರಿಸಲಾರೆನು. ಆ ಸ್ಪೀಕರುಗಳ ಅಬ್ಬರದಲ್ಲಿ ಇಳಯರಾಜಾ ಅವರ ಪಿಟೀಲುಗಳು ಕೇಳಿಸುವುದು ಅಶಕ್ಯ. ಎದೆಗೆ ಬಡಿಯುವುದಷ್ಟೇ ಉಳಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಆ ಬೀದಿಯಲ್ಲಿ ನಿಂತವರಿಗೆ ಈ ಅಂಕಿಯು ಹಾಸ್ಯವಾಗಿ ತೋರುವುದು. ಮುದುಕರಿಗೂ ಹಸುಗೂಸುಗಳಿಗೂ ಅದು ಹಾಸ್ಯವಲ್ಲ.

ಕಾನೂನಿನ ಮಾತೂ ಸ್ವಲ್ಪ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು, ಹಾಡೊಂದು ಮೊದಲು ಮುದ್ರಿತವಾದ ವರ್ಷದಿಂದ ಐದು ವರ್ಷ ಕಳೆಯುವವರೆಗೆ ಇತರರು ಅದರ ಮರುಗಾಯನವನ್ನು ಹೊರತರಬಾರದೆಂದೂ, ಆ ಬಳಿಕವೂ ಒಪ್ಪಿಗೆಯಿಲ್ಲದೆ ಅನಗತ್ಯವಾಗಿ ಮಾರ್ಪಡಿಸಬಾರದೆಂದೂ ವಿಧಿಸಿತು. ಹಕ್ಕುಳ್ಳ ಕಂಪನಿಯೇ ರೀಮಿಕ್ಸ್ ಮಾಡಿಸಿದಾಗ ಈ ಕಟ್ಟು ಅಡ್ಡಬರುವುದಿಲ್ಲ. ಆದಕಾರಣ ಮೂಲವನ್ನು ಕೆಡಿಸಿದ ಪಾಠವು ಸಕ್ರಮವಾಗಿಯೂ, ಮೂಲದ ಒಳಗನ್ನು ಬಿಡಿಸಿದ ಬೀದಿಯ ಪಾಠವು ಅಕ್ರಮವಾಗಿಯೂ ಇರುವ ವಿಚಿತ್ರವನ್ನು ನಾವು ನೋಡುತ್ತಿರುವೆವು.

ಹೆಸರಿನ ಪ್ರಶ್ನೆಯೊಂದು ಉಳಿಯಿತು. ಕುರುಗೋಡಿನ ಸಿಂದರ ಕಾಲದ ಶಾಸನಗಳನ್ನು ಓದಿಸುವಾಗ ಕಡೆಯ ಸಾಲುಗಳನ್ನು ಬಿಡಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬರೆದವನ, ಕಂಡರಿಸಿದವನ ಹೆಸರುಗಳು ಶಾಸನಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಅಲ್ಲಿಯೇ. ಡಿ.ಜೆ. ತರುಣರ ಹಾಡುಗಳಲ್ಲಿಯೂ ಇಂಥದೊಂದು ಅಂಕಿತವುಂಟು. ತಾಳದ ನಡುವೆ ಗಡುಸಾದ ಧ್ವನಿಯೊಂದು ಡಿ.ಜೆ.ಯ ಹೆಸರನ್ನೂ ಅವನ ಊರನ್ನೂ ಕೂಗುತ್ತದೆ. ಸಿರುಗುಪ್ಪ ಎಂಬ ಹೆಸರನ್ನು ನಾನೇ ಹಾಗೆ ಕೇಳಿರುವೆನು. ಚಿ. ಉದಯಶಂಕರ್ ಅವರ ಹೆಸರನ್ನಾಗಲಿ ಹಂಸಲೇಖರ ಹೆಸರನ್ನಾಗಲಿ ಅದು ಎಂದೂ ಕೂಗಿದುದಿಲ್ಲ. ನನ್ನನ್ನು ಪ್ರಶ್ನಿಸಿದ ವಿದ್ಯಾರ್ಥಿಯು ಈಗ ತನ್ನ ಊರಿನ ಮೆರವಣಿಗೆಗಳಲ್ಲಿ ಬಳಕೆಯಾದ ಇಂಥ ಪಾಠಗಳನ್ನು ಕಲೆಹಾಕಿ, ಒಂದೊಂದರ ಎದುರಿಗೂ ಮೂಲಚಿತ್ರ, ವರ್ಷ, ಪದ, ಸಂಗೀತ, ಕಂಠ ಎಂದು ಐದು ಅಂಕಣಗಳನ್ನು ಎಳೆದು ತುಂಬುತ್ತಿರುವನು. ಕಳೆದ ವಾರ ತೋರಿಸಿದಾಗ ಎರಡನೆಯ ಅಂಕಣದಲ್ಲಿ ಇನ್ನೂ ಮೂರು ತಪ್ಪುಗಳಿದ್ದವು.